ಒಂಬತ್ತು ಚಮಚಕ್ಕೆ ಒಂದು

ಊರಿನ ಕಸವನ್ನೆಲ್ಲ ಸುಡುವ ಕಾರ್ಖಾನೆಯಲ್ಲಿ ಎರಡು ಬಗೆಯ ಬೂದಿ ಬೀಳುತ್ತಿತ್ತು. ಕುಲುಮೆಯ ತಳಕ್ಕೆ ಬೀಳುವುದು ಒರಟು ಬೂದಿ. ಕೈ ಹಾಕಿದರೆ ಗಾಜಿನ ಚೂರು, ಮೊಳೆ, ಕರಗಿ ಗಟ್ಟಿಯಾದ ಹೆಂಟೆ. ಇನ್ನೊಂದು, ಹೊಗೆಯ ಜೊತೆ ಹಾರಿಹೋಗದಂತೆ ಬಟ್ಟೆಯ ಚೀಲಗಳಲ್ಲಿ ಸೋಸಿ ಹಿಡಿದದ್ದು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಹಳೆ ಬ್ಯಾಟರಿಗಳ ಸೀಸ, ಕ್ಯಾಡ್ಮಿಯಂ, ಪ್ಲಾಸ್ಟಿಕ್ಕು ಉರಿದಾಗ ಹುಟ್ಟುವ ಡಯಾಕ್ಸಿನ್, ಎಲ್ಲವೂ ಆ ನುಣುಪಿನಲ್ಲೇ ಠಿಕಾಣಿ ಹೂಡುತ್ತಿದ್ದವು. ಚಿಮಣಿಯ ಹೊಗೆ ಸ್ವಚ್ಛವಾದಷ್ಟೂ ಚೀಲದ ಬೂದಿ ವಿಷವಾಗುತ್ತಿತ್ತು. ಪೀಡೆಯನ್ನು ಒಂದು ಕಡೆಯಿಂದ ಓಡಿಸಿದರೆ ಇನ್ನೊಂದು ಕಡೆ ಹೋಗಿ ಕೂರುತ್ತಿತ್ತು, ಅಷ್ಟೇ.

ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಹೆಂಗಸಿಗೆ ಇದೆಲ್ಲ ಅಂಗೈ ಮೇಲಿನ ಗೆರೆಯಷ್ಟು ಗೊತ್ತಿತ್ತು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆರು ವರ್ಷದಿಂದ ತಿಂಗಳಿಗೊಮ್ಮೆ ಬೂದಿ ಪರೀಕ್ಷಿಸಿ ವರದಿಗೆ ಸಹಿ ಹಾಕುವವಳು ಅವಳೇ. ಚೀಲದ ಬೂದಿಯೊಂದನ್ನೇ ಪರೀಕ್ಷಿಸಿದರೆ ಸೀಸ ಮಿತಿಯನ್ನು ಎಲ್ಲೋ ದಾಟುತ್ತಿತ್ತು. ಅದಕ್ಕೇ ಒರಟು ಬೂದಿ ಒಂಬತ್ತು ಚಮಚ, ನುಣುಪು ಒಂದು ಚಮಚ, ಬಟ್ಟಲಲ್ಲಿ ಕಲಸಿ ಪರೀಕ್ಷೆ. ಅವಳಿಗಿಂತ ಮುಂಚಿನವರೂ ಹಾಗೇ ಮಾಡುತ್ತಿದ್ದರು.

"ಬೂದಿ ಬೂದಿನೇ ಅಲ್ವೇನ್ರೀ, ಕೊನೆಗೆ ಎಲ್ಲಾ ಒಂದೇ ಕಡೆ ಸೇರುತ್ತೆ," ಎಂದು ಮ್ಯಾನೇಜರು ಮೊದಲ ದಿನವೇ ಹೇಳಿದ್ದರು. ಅವಳು ತಲೆಯಾಡಿಸಿದ್ದಳು. ಬಟ್ಟಲಲ್ಲಿ ಕಲಸಿದಂತೆ ಲಾರಿಗೆ ತುಂಬುವಾಗ ಯಾರೂ ಕಲಸುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದರೆ ಅದು ಹಸಿ ಸುಳ್ಳು. ಗೊತ್ತಿತ್ತು, ಕೇಳುವ ಗೋಜಿಗೆ ಹೋಗಲಿಲ್ಲ. ಆ ವರದಿಯ ಬಲದಿಂದ ತಗ್ಗು ತುಂಬಲು ಬೂದಿ ಕೇಳಿದವರಿಗೆಲ್ಲ ಪುಕ್ಕಟೆ ಸಿಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವಳು ತಮ್ಮನ ಮನೆಗೆ ಹೋದಳು. ಗೇಟು ತೆಗೆದವಳು ಅಲ್ಲೇ ನಿಂತುಬಿಟ್ಟಳು. ನೀರು ನಿಂತು ಕೆಸರಾಗುತ್ತಿದ್ದ ಅಂಗಳ ಮಟ್ಟಸವಾಗಿತ್ತು. ನಟ್ಟನಡುವೆ ತಮ್ಮನ ಒಂದೂವರೆ ವರ್ಷದ ಮಗಳು, ಮನೆಯವರ ಬಾಯಲ್ಲಿ ಚಿನಕುರುಳಿ, ಕಾಲು ಚಾಚಿ ಕೂತು ತಿಳಿಬೂದು ಪುಡಿಯನ್ನು ಬೊಗಸೆಯಲ್ಲಿ ಎತ್ತಿ ತಲೆಗೆ ಸುರಿದುಕೊಳ್ಳುತ್ತಿದ್ದಳು. ತುಟಿಯ ಸುತ್ತಲೂ ಬೂದಿ. ನೆಲದಲ್ಲಿ ಗಾಜಿಲ್ಲ, ಮೊಳೆಯಿಲ್ಲ, ಹೆಸರಿಗೊಂದು ಹೆಂಟೆಯೂ ಇಲ್ಲ.

ಅಕ್ಕ ಓಡಿಹೋಗಿ ಮಗುವನ್ನು ಎತ್ತಿಕೊಂಡು ಕರವಸ್ತ್ರದಿಂದ ಬಾಯಿ ಒರೆಸತೊಡಗಿದಳು.

"ಹೇಗಿದೆ ಅಂಗಳ?" ಬಾಗಿಲಿಗೆ ಬಂದ ತಮ್ಮ ಉಬ್ಬಿಹೋಗಿದ್ದ. "ಮೂರು ವಾರ ಆಯ್ತು ಹಾಕ್ಸಿ. ನೀನು ಬಂದಾಗ ಬೆರಗಾಗ್ಲಿ ಅಂತ ಬೇಕಂತಲೇ ಹೇಳಲಿಲ್ಲ. ನಿಮ್ಮ ಕಾರ್ಖಾನೆ ಲಾರಿ ಡ್ರೈವರ್ ಮೊದಲು ಗಾಜು, ಮೊಳೆ ಇರೋ ದರಿದ್ರ ಮಾಲು ತಂದಿದ್ದ. ಈಗಷ್ಟೇ ನಡೆಯೋಕೆ ಕಲಿತಿರೋ ಕೂಸಿದೆ ಕಣಯ್ಯಾ, ಮಂಡಿ ತರಚುತ್ತೆ, ನುಣುಪಾಗಿರೋದು ತಾ ಅಂತ ಗಂಟುಬಿದ್ದೆ."

"ಯಾರನ್ನಾದ್ರೂ ಕೇಳಿದ್ಯಾ?"

"ಯಾರನ್ನ ಕೇಳ್ಬೇಕಿತ್ತು? ಅವನು ತೋರಿಸಿದ ಕಾಗದದ ಮೇಲೆ ನಿನ್ನ ಸಹಿನೇ ಇತ್ತಲ್ಲ!"

ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ಧೂಳಿಗೆ ಕೆಮ್ಮು ಬರುತ್ತೆ, ಬೂದಿ ತೆಗೆಸು ಎಂದರೆ ಮುಗಿಯುತ್ತಿತ್ತು. ಆದರೆ ಮಗುವಿನ ರಕ್ತ ಇವತ್ತೇ ಪರೀಕ್ಷೆಯಾಗಬೇಕು, ಯಾಕೆ ಎಂದು ವೈದ್ಯರಿಗೆ ಹೇಳಲೇಬೇಕು. ಎಳೆಯ ಮಿದುಳಿಗೆ ಸೀಸ ಹೊಕ್ಕರೆ ಕಲಿಕೆ ಮಂಕಾಗುತ್ತದೆ, ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಅವಳು ಸೀಸ, ಚೀಲ, ಚಮಚ, ಬಟ್ಟಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ತಮ್ಮನ ಮುಖದ ನಗು ಆರಲು ಹೊತ್ತು ಹಿಡಿಯಿತು.

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಆರು ವರ್ಷ."

  ಮಗು ಬೂದಿ ಮೆತ್ತಿದ ಬೆರಳುಗಳಿಂದ ಅತ್ತೆಯ ಮೂಗು ಹಿಡಿದೆಳೆದು ಕಿಲಕಿಲ ನಗುತ್ತಿತ್ತು.

"ಮಗೂನ ಕೆಳಗಿಳಿಸು," ಎಂದ ತಮ್ಮ. ಮರುಕ್ಷಣ ನೆಲ ನೋಡಿ ಎರಡೂ ಕೈ ಚಾಚಿದ. "ಬೇಡ, ಕೆಳಗೆ ಬೇಡ. ನನ್ನ ಕೈಗೆ ಕೊಡು."