ದೀಪದ ಕೋಣೆಯಲ್ಲಿ ಶಿವದಾರ

ಬಾಳವ್ವನ ಗದ್ದದ ಮೇಲಿದ್ದ ಮೊಡವೆಗಳು ಕುತ್ತಿಗೆಗೆ ಇಳಿದು, ಕೊರಳ ಲಿಂಗದ ದಾರ ತಾಗುವಲ್ಲೆಲ್ಲ ಗಂಟುಕಟ್ಟಿದ್ದವು. ಗಂಧಕದ ಮುಲಾಮು ಹಚ್ಚಿ ಆಗಿತ್ತು; ಚರ್ಮ ಸುಲಿಯಿತೇ ಹೊರತು ಗಂಟು ಇಳಿಯಲಿಲ್ಲ. ಹೊಸದಾಗಿ ಬಂದಿದ್ದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಚರ್ಮಕ್ಕೆ ತೀಕ್ಷ್ಣ ಬೆಳಕು ಬಿಡುವ ದೀಪದ ಚಿಕಿತ್ಸೆ ಕೊಟ್ಟು ನೋಡೋಣವೆಂದರು ಮಾಳಮಡ್ಡಿಯ ಡಾಕ್ಟರು. ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯ ಒಂದು ಮುಂಜಾನೆ ತಾಯಿ ಶಿವಲಿಂಗವ್ವ ಮಗಳನ್ನು ಕರೆದುಕೊಂಡು ಸುಳ್ಳ ಗ್ರಾಮದಿಂದ ಬಂದವಳು ದವಾಖಾನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಬರ್ರಿ ಕಾಕೂ, ಒಳಗ ಹುಲಿ ಕಟ್ಟಿಲ್ಲ, ದೀಪ ಐತಿ," ಎಂದಳು ನರ್ಸು ಸಿತಾರಾ. ಬಾಳವ್ವನನ್ನು ಕುರ್ಚಿಯಲ್ಲಿ ಕೂರಿಸಿ ಕೊರಳು ನೋಡಿದಳು. "ಇದನ್ನ ತಗದು ಅವ್ವನ ಕೈಯಾಗ ಕೊಡವಾ. ದಾರದ ಬುಡಕ್ಕ ಬೆಳಕು ಬೀಳಬೇಕು."

ಶಿವಲಿಂಗವ್ವ ಮಗಳ ತೋಳು ಹಿಡಿದಳು. ಕೂಸಿದ್ದಾಗ ಮಠದ ಅಯ್ಯನವರು ಕಟ್ಟಿದ ಲಿಂಗ ಅದು. ಸ್ನಾನದಲ್ಲಾಗಲಿ ನಿದ್ದೆಯಲ್ಲಾಗಲಿ ಮೈ ಬಿಟ್ಟು ಅಗಲಿದ್ದಿಲ್ಲ. ಅಗಲಿದರೆ ಜೀವ ಅಗಲಿದಂತೆಯೇ ಎಂದು ನಂಬಿದ ಮನೆ.

"ತಗಿಯೂದಿಲ್ರಿ. ಏಳ ಬಾಳವ್ವ, ಹೋಗೂಣು."

ಡಾಕ್ಟರು ಬಂದರು, ಸಿಟ್ಟಾಗಲಿಲ್ಲ. "ಬ್ಯಾಡಂದ್ರ ಬಿಡ್ರಿ ಶಿವಲಿಂಗವ್ವಾರ. ಆದ್ರ ಈ ಗಂಟು ಒಡದು ಕುಳಿ ಬಿದ್ರ ಅದಕ್ಕ ನನ್ನ ಕಡೆ ಔಷಧ ಇಲ್ಲ. ದೀಪದಿಂದ ಪೂರ್ತಿ ಹೋಗ್ತಾವಂತನೂ ಹೇಳೂದಿಲ್ಲ. ಕಡಿಮಿ ಆದಾವು."

"ಕುಳಿ ಬಿದ್ರ ಬೀಳ್ಲಿ. ಮಗಳು ಉಳೀಲಿ."

ಬಾಳವ್ವ ಕೊರಳ ದಾರ ಮುಟ್ಟಿಕೊಂಡಳು. ಕತ್ತು ಹೊರಳಿಸಿದರೆ ನೋವು. ಕೊರಳು ಬರಿದಾಗುವುದನ್ನು ನೆನೆದರೆ ಮೈಯೆಲ್ಲ ತಣ್ಣಗೆ.

"ಅಂಗೈಯಾಗ ಇಟಗೊಂಡ್ರ ನಡೀತೈತೇನ್ರಿ?" ಎಂದು ಕೇಳಿದಳು.

"ನಡೀತದ. ಕೈ ಮಾತ್ರ ಉಡಿಯೊಳಗ ಇರ್ಲಿ," ಎಂದು ಡಾಕ್ಟರು ಕಣ್ಣು ಮುಚ್ಚುವ ಕರೀ ಕನ್ನಡಕ ಎತ್ತಿಕೊಂಡರು.

"ಪೂಜಿಯಾಗ ಅಂಗೈಯಾಗಿನ ಲಿಂಗಾನ ಕಣ್ತುಂಬ ನೋಡ್ತೀವಿ," ಎಂದಳು ತಾಯಿ. "ಇಲ್ಲಿ ನಿನ್ನ ಕಣ್ಣ ಮುಚ್ಚತಾರ."

"ನೀ ನೋಡವ್ವ."

ಸಿತಾರಾ ಇನ್ನೊಂದು ಕರೀ ಕನ್ನಡಕ ತಂದು ಶಿವಲಿಂಗವ್ವನ ಕೈಗಿಟ್ಟಳು.

ದಾರ ಬಿಚ್ಚಿ, ಅದಕ್ಕೆ ಕಟ್ಟಿದ್ದ ಪುಟ್ಟ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಬಾಳವ್ವ ಎಡಗೈಯಲ್ಲಿ ಇಟ್ಟುಕೊಂಡಳು. ಕನ್ನಡಕ ಏರಿತು, ಲೋಕ ಕಪ್ಪಾಯಿತು. ದೀಪ ಗುಂಯ್‌ಗುಟ್ಟಿತು. ಸಿಡಿಲು ಹೊಡೆದ ಮೇಲೆ ಬರುವಂಥ ವಾಸನೆ. ಅಲುಗಬಾರದು, ಕಣ್ಣಿಗೆ ಬೆಳಕು ಬಿದ್ದರೆ ಕೆಟ್ಟದ್ದು ಎಂದಿದ್ದರು. ಸಂಜೆಗೊಮ್ಮೆ ಮನೆಯಲ್ಲಿ ಹೇಳುತ್ತಿದ್ದ ವಚನ ನೆನೆದಳು. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಅಂಗೈ ಬೆವೆತಿತು. ನುಣ್ಣಗಿನ ಲಿಂಗ ಬೆರಳಿನತ್ತ ಸರಿಯಿತು. ಮುಷ್ಟಿ ಹಿಡಿಯಬೇಕೆಂದರೆ, ಎಂದೂ ತೆರೆದೇ ಪೂಜಿಸಿದ ಕೈ ಮುಚ್ಚಿಕೊಳ್ಳಲೊಲ್ಲದು.

"ಅವ್ವಾ, ಜಾರಾಕತ್ತೈತಿ."

ಅವ್ವ ಹೊರಗೆ ಹೋದಳೇನೋ ಎಂದು ಕಿವಿಗೊಟ್ಟಳು.

ಅಷ್ಟರಲ್ಲಿ ಅವಳ ಕೈಯ ಅಡಿಗೆ ಇನ್ನೊಂದು ಕೈ ಬಂತು. ತನ್ನದಕ್ಕಿಂತ ಹೆಚ್ಚು ಬೆವೆತಿತ್ತು.

"ಅಲಗಬ್ಯಾಡ. ಈ ಕನ್ನಡಕದಾಗ ನನಗೂ ಏನೂ ಕಾಣವಲ್ದು. ಆದ್ರೂ ನೋಡಾಕತ್ತೇನಿ."

ದೀಪ ಆರಿದಾಗ ಬಾಳವ್ವನ ಮುಖ ಒಲೆಯ ಮುಂದೆ ಕೂತಂತೆ ಉರಿಯುತ್ತಿತ್ತು. ಶಿವಲಿಂಗವ್ವ ಲಿಂಗವನ್ನು ಕರಡಿಗೆಗೆ ಇಳಿಸಿ ಮಗಳ ಕೊರಳಿಗೆ ಕಟ್ಟತೊಡಗಿದಳು. ಗಂಟು ಎರಡು ಸಲ ಜಾರಿತು.

"ಸಾವಕಾಶ ಕಟ್ಟವ್ವ," ಎಂದಳು ಬಾಳವ್ವ.

ಗಂಟು ಬಿಗಿದ ಮೇಲೂ ತಾಯಿ ಅದರ ಮೇಲಿನ ಕೈ ತೆಗೆಯಲಿಲ್ಲ. ಡಾಕ್ಟರರ ಕಡೆ ನೋಡದೆಯೇ ಕೇಳಿದಳು:

"ಮತ್ತ ಯಾವಾಗ ಕರಕೊಂಡ ಬರ್ಲ್ರಿ?"