ಗಂಡಸರು ಉಂಡ ಮೇಲೆ

ಮಾಂಸದಂಗಡಿಯ ಯಜಮಾನನ ಮನೆಯಲ್ಲಿ ಮಧ್ಯಾಹ್ನದ ಊಟವೆಂದರೆ ದೊಡ್ಡ ಸಡಗರ. ಅವನೂ ಅವನ ಇಬ್ಬರು ಗಂಡುಮಕ್ಕಳೂ ಕೈತೊಳೆದು ಕೂತರೆಂದರೆ, ಮನೆಯ ಹೆಂಗಸರು ತುದಿಗಾಲಲ್ಲಿ ನಿಂತು ಬಡಿಸಬೇಕು. ಅಂದಂದು ಕಡಿದ ಕುರಿಯ ಲಿವರನ್ನು ಗಿರಾಕಿಗಳಿಗೆ ಮಾರುತ್ತಿರಲಿಲ್ಲ. ಅದು ನೇರ ಗಂಡಸರ ತಟ್ಟೆಗೆ. ಅವರು ತೇಗಿ ಎದ್ದ ಮೇಲೆ ಅತ್ತೆ, ಅತ್ತೆಯದಾದ ಮೇಲೆ ಸೊಸೆ. ಸೊಸೆಯ ಪಾಲಿಗೆ ತಳ ಹಿಡಿದ ಅನ್ನ, ಪಾತ್ರೆ ತೊಳೆದ ನೀರಿನಂಥ ಸಾರು. ಈ ಪದ್ಧತಿ ಎಲ್ಲಿ ತಪ್ಪೀತೋ ಎಂದು ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ತನ್ನ ಅತ್ತೆಯೂ ಹಾಗೆಯೇ ಕಾದಿದ್ದಳಲ್ಲ!

ಸೊಸೆ ಬಸುರಿಯಾದಳು. ಬರಬರುತ್ತ ಬಿಳಿಚಿಕೊಂಡಳು. ಎಷ್ಟು ಬೆಳ್ಳಗಾಗಿದ್ದಾಳೆ ಎಂದು ನೆಂಟರು ಹೊಗಳಿದರು, ಆ ಬಾಯಿಗಳಿಗಿಷ್ಟು ಬೆಂಕಿ ಹಾಕ! ಅತ್ತೆಯೂ ಉಬ್ಬಿಹೋದಳು. ಗೋಡೆಯ ಸುಣ್ಣ ಕೆರೆದು ತಿನ್ನುವಾಗ ಸಿಕ್ಕಿಬಿದ್ದಳೆಂದು ಹುಡುಗಿಗೆ ಬೈಗುಳ ಬಿತ್ತೇ ಹೊರತು, ಯಾಕೆ ತಿಂದೆ ಎಂದು ಯಾರೂ ಕೇಳಲಿಲ್ಲ.

ಮನೆಮನೆಗೆ ಬರುವ ದಾದಿ ಅವಳ ಬೆರಳು ಚುಚ್ಚಿ ರಕ್ತ ಪರೀಕ್ಷಿಸಿ ಗಾಬರಿಯಾದಳು. ಇದು ಬಿಳುಪಲ್ಲ, ರಕ್ತಹೀನತೆ ಎಂದಳು. ಕಬ್ಬಿಣಾಂಶದ ಮಾತ್ರೆಗಳನ್ನು ಕೈಗಿತ್ತು, ದಿನವೂ ಒಂದು ನುಂಗಲಿ, ಎಲ್ಲರ ಜೊತೆ ಕೂತು ಹೊಟ್ಟೆತುಂಬ ಉಣ್ಣಲಿ ಎಂದು ಬಿಡಿಸಿ ಹೇಳಿದಳು.

"ನಾವೇನು ಹೆತ್ತಿಲ್ವಾ? ನಮಗೆ ಯಾರು ಮಾತ್ರೆ ಕೊಟ್ಟಿದ್ರು?" ಎಂದಳು ಅತ್ತೆ.

"ಹೆತ್ತಿದ್ದೀರಮ್ಮ. ಹೆರೋವಾಗ ಸತ್ತೋರು ಈ ಮಾತು ಹೇಳೋಕೆ ಉಳಿದಿಲ್ಲ, ಅಷ್ಟೆ."

ಅತ್ತೆಗೆ ಮೈಯೆಲ್ಲ ಉರಿಯಿತು. ಮಾತ್ರೆ ತಿಂದರೆ ಮಗು ಕಪ್ಪಗೆ ಹುಟ್ಟುತ್ತದೆಂದು ಯಾರೋ ಹೇಳಿದ್ದು ನೆನಪಿಗೆ ಬಂದು, ದಾದಿ ಬೀದಿ ದಾಟುವ ಮೊದಲೇ ಮಾತ್ರೆಗಳನ್ನೆಲ್ಲ ಮೋರಿಗೆ ಸುರಿದಳು.

ಹೆರಿಗೆ ಆಸ್ಪತ್ರೆಯಲ್ಲಾಯಿತು. ಹೆಣ್ಣು ಕೂಸು ಉಳಿಯಿತು, ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿದ್ದ ರಕ್ತವನ್ನೆಲ್ಲ ಕೊಟ್ಟಾಗಿದೆ, ಇನ್ನೂ ಬೇಕು, ಮನೆಯವರು ಬೇಗ ಪರೀಕ್ಷೆಗೆ ಬನ್ನಿ ಎಂದು ವೈದ್ಯೆ ಹೊರಗೆ ಬಂದು ಕರೆದಳು. ಹೋರಿಯಂಥ ಮೂವರು ಗಂಡಸರು ಬೆಂಚಿನ ಮೇಲಿದ್ದರು. ಯಜಮಾನ ತನಗೆ ವಯಸ್ಸಾಯಿತೆಂದ. ಚಿಕ್ಕ ಮಗ ಚಹಾ ಕುಡಿದು ಬರುತ್ತೇನೆಂದು ಹೋದವನು ಹೋದ.

ಗಂಡನೆನಿಸಿಕೊಂಡವನು ನೆಲ ನೋಡುತ್ತ, "ರಕ್ತ ಕೊಟ್ರೆ ತಾಕತ್ತು ಹೋಗುತ್ತಂತೆ. ನಾಳೆ ಅಂಗಡೀಲಿ ಕತ್ತಿ ಎತ್ತೋರು ಯಾರು?" ಎಂದ.

ಅತ್ತೆಗೆ ತಲೆಯೆತ್ತಲಾರದಷ್ಟು ನಾಚಿಕೆಯಾಯಿತು. ತನ್ನದನ್ನೇ ತೆಗೆದುಕೊಳ್ಳಿ ಎಂದು ತೋಳು ಚಾಚಿದಳು. ಬೆರಳು ಚುಚ್ಚಿ ನೋಡಿದ ರಕ್ತಪರೀಕ್ಷೆಯ ಹುಡುಗಿ ಬೇಡವೆಂದು ತಲೆಯಾಡಿಸಿದಳು.

"ನಿಮಗೇ ಇಲ್ವಲ್ಲಮ್ಮ. ನಿಮಗೇ ಯಾರಾದ್ರೂ ಕೊಡಬೇಕು."

ವರ್ಷಗಳಿಂದ ಅತ್ತೆಗೂ ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದರೆ ಕಣ್ಣು ಕತ್ತಲೆ. ಹೆಣ್ಣಿನ ಹಣೆಬರಹವೇ ಇಷ್ಟು ಎಂದು ಅವಳು ನಂಬಿಕೊಂಡು ಬಂದದ್ದು ಅಡುಗೆಮನೆಯಲ್ಲಿ ತಾನೇ ಕಾದು ಕೂತ ಹಸಿವಾಗಿತ್ತು. ತಿರುಗಿ ನೋಡಿದರೆ ಮಗ, ಬಾಣಂತಿಗೆಂದು ತಂದ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ, ಬೆರಳು ನೆಕ್ಕುತ್ತಿದ್ದ. ಥೂ, ಇವನನ್ನೇ ತಾನು ಹೆತ್ತದ್ದು, ಲಿವರು ತಿನ್ನಿಸಿ ಕೊಬ್ಬಿಸಿದ್ದು! ಬಡಿಸಿದ ತನ್ನ ಕೈಗಳ ಮೇಲೂ ಅವಳಿಗೆ ಹೇಸಿಗೆಯಾಯಿತು.

ಬೇರೆ ಕಡೆಯಿಂದ ರಕ್ತ ಬರುವಷ್ಟರಲ್ಲಿ ಸೊಸೆ ಕಣ್ಣು ಮುಚ್ಚಿದ್ದಳು.

ತಿಂಗಳು ಕಳೆಯುವುದರೊಳಗೆ ಮಗನಿಗೆ ಇನ್ನೊಂದು ಹೆಣ್ಣು ನೋಡಿದರು. ಕೂಸನ್ನು ಸಾಕಲು ಯಾರಾದರೂ ಬೇಕಲ್ಲ ಎಂಬುದು ನೆಪ. ಹೆಣ್ಣಿನ ತಾಯಿ ಮನೆ ನೋಡಲು ಬಂದಾಗ ಯಜಮಾನ, ತಮ್ಮಲ್ಲಿ ಉಣ್ಣುವುದಕ್ಕೆ ತಿನ್ನುವುದಕ್ಕೆ ಯಾವ ಕೊರತೆಯೂ ಇಲ್ಲವೆಂದು ಮೀಸೆ ನೀವಿದ. ಅತ್ತೆ ಕೂಸನ್ನೆತ್ತಿಕೊಂಡು ಹೊರಗೆ ಬಂದು ಅವನ ಎದುರಿಗೇ ಕುರ್ಚಿಯಲ್ಲಿ ಕೂತಳು.

"ಕೊರತೆ ಇಲ್ಲ, ನಿಜ. ಎಲ್ಲ ಇವರ ಹೊಟ್ಟೆಗೇ. ನನ್ನ ಸೊಸೇನ ಉಪವಾಸ ಕೆಡವಿದವಳು ನಾನು. ರಕ್ತ ಕೊಡದೆ ಕೂತೋರು ಇವರು. ನಿಮ್ಮ ಮಗಳನ್ನ ಇಲ್ಲಿಗೆ ಕೊಡಬೇಡಿ ತಾಯಿ."

ಯಜಮಾನ ಗದರಿದ. ಅವಳು ಕದಲಲಿಲ್ಲ. ಬಂದಾಕೆ ಕೂಸಿನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಬಾಗಿಲು ಮುಚ್ಚಿದ ಮೇಲೆ ಮಗನ ಬಾಯಿಂದ ಬಂದದ್ದು ಒಂದೇ ಮಾತು: "ಊಟಕ್ಕೆ ಹೊತ್ತಾಯ್ತಲ್ಲಮ್ಮ."

"ಹೌದು, ನನಗೂ ಹಸಿವು" ಎಂದು ಅತ್ತೆ ಕೂಸನ್ನು ಮಲಗಿಸಿ, ತಟ್ಟೆಗೆ ಬಡಿಸಿಕೊಂಡು, ಮೂವರೂ ನೋಡುತ್ತಿದ್ದಂತೆ ಮೊದಲ ತುತ್ತು ತಾನೇ ಉಂಡಳು.