ಮೊಂಡು ಮಾಡಿದ ಗಾಳ

ಅಂಗಡಿಯ ಲ್ಯೂರ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೀನನ್ನು ಮರುಳು ಮಾಡಲು ಲೈನಿನ ತುದಿಗೆ ಕಟ್ಟುವ ಸುಳ್ಳು ಮೀನು ತಾನೇ ಅದು? ಅದಕ್ಕೆ ಬಣ್ಣವೇನು, ಪ್ಲಾಸ್ಟಿಕ್ ಕಣ್ಣೇನು, ಹೊಟ್ಟೆಯೊಳಗೆ ಗಲಗಲ ಎನ್ನುವ ಗುಂಡುಗಳೇನು! ಮದುಮಗಳಿಗೂ ಅಷ್ಟು ಶೃಂಗಾರ ಮಾಡುವುದಿಲ್ಲ. ನಾನು ಬೆನೆಡಿಕ್ಟ್, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಫ್ಯಾಕ್ಟರಿಯಲ್ಲಿ ಫೋರ್‌ಮನ್. ಎಸಿಯ ಗಾಳಿ ಹೋಗುವ ತಗಡಿನ ಡಕ್ಟ್ ಮಾಡಿಸುವುದು ನನ್ನ ಕೆಲಸ. ನನ್ನ ಲ್ಯೂರ್ ನಾನೇ ಮಾಡಿಕೊಳ್ಳುತ್ತೇನೆ. ಸ್ಕ್ರ್ಯಾಪ್ ಡಬ್ಬದಿಂದ ಬೆರಳುದ್ದದ ಸ್ಟೀಲ್ ತುಂಡು, ಅದಕ್ಕೆ ಸುತ್ತಿಗೆಯ ನಾಲ್ಕು ಪೆಟ್ಟು, ಬಾಲಕ್ಕೆ ಮೂರು ಮುಳ್ಳಿನ ಕೊಕ್ಕೆ, ಕೊಕ್ಕೆಗೆ ಬಿಳಿ ಕೋಳಿಗರಿ. ಖಲಾಸ್. ಹನ್ನೊಂದು ವರ್ಷಗಳಿಂದ ಅದು ಯಾರ ಮುಂದೆಯೂ ಸೋತಿರಲಿಲ್ಲ.

ಪ್ರತಿ ಡಿಸೆಂಬರ್, ನ್ಯಾಷನಲ್ ಡೇ ರಜೆಗೆ ನಾವು ದುಬೈಯ ಮಿರ್ದಿಫ್‌ನ ನಮ್ಮ ಮನೆಯಿಂದ ಅಬುಧಾಬಿಯ ಆಚೆಯ ರುವೈಸ್‌ಗೆ ಹೋಗುತ್ತೇವೆ. ಅಲ್ಲಿ ನನ್ನ ಹೆಂಡತಿ ಬೆಟ್ಟಿಯ ತಮ್ಮ ಜೆರಾಲ್ಡ್ ಟೆಕ್ನೀಷಿಯನ್. ಕಂಪನಿ ಕೊಟ್ಟ ಮನೆ, ಹತ್ತಿರದಲ್ಲೇ ಕಡಲು, ಚಳಿಗಾಲಕ್ಕೆ ದಡದ ಸಮೀಪ ಬರುವ ಅಂಜಲ್ ಮೀನು. ಒಂದು ಬೆಳಿಗ್ಗೆಯ ಪಂದ್ಯ ನಮ್ಮದು: ನನ್ನ ಲ್ಯೂರ್ ಒಂದು ಕಡೆ, ಅಂಗಡಿಯ ಲ್ಯೂರ್‌ಗಳು ಇನ್ನೊಂದು ಕಡೆ. ಯಾರ ಲ್ಯೂರಿಗೆ ಉದ್ದದ ಮೀನು ಬಿತ್ತೋ ಅವರು ಗೆದ್ದರು. ಚಿಕ್ಕದು ಸಿಕ್ಕಿದರೆ ಮುತ್ತು ಕೊಟ್ಟು ವಾಪಸ್ ನೀರಿಗೆ.

ಈ ಸಲ ಹೊರಟು ಇನ್ನೂ ಅಬುಧಾಬಿ ದಾಟಿರಲಿಲ್ಲ, ಹಿಂದಿನ ಸೀಟಿನಿಂದ ನನ್ನ ಮಗಳು ಪರ್ಲ್ ಒಂದು ಡಬ್ಬ ಮುಂದೆ ಚಾಚಿದಳು. ಒಳಗೆ ನೀಲಿ ಬೆನ್ನಿನ, ಗುಲಾಬಿ ಹೊಟ್ಟೆಯ ಜಪಾನೀ ಲ್ಯೂರ್.

"ಪಪ್ಪಾ, ಪಂಥ ಕಟ್ಟುವ. ಇದಕ್ಕೆ ಉದ್ದದ ಮೀನು ಬಿದ್ರೆ ನಾನು ಇಲೆವೆಂತ್ ದುಬೈಯಲ್ಲೇ ಮಾಡುದು. ನಿಮ್ಮದಕ್ಕೆ ಬಿದ್ರೆ ಮಂಗಳೂರಿಗೆ ಹೋಗ್ತೇನೆ. ಅಳುದಿಲ್ಲ. ಪ್ರಾಮಿಸ್."

"ಆಯ್ತು, ಕಟ್ಟಿದೆ!" ಎಂದುಬಿಟ್ಟೆ ನಾನು. ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಯಾರಾದರೂ ಸವಾಲು ಹಾಕಿದರೆ ಬುದ್ಧಿ ಎಚ್ಚರವಾಗುವ ಮೊದಲೇ ಬಾಯಿ ಉತ್ತರ ಕೊಟ್ಟಿರುತ್ತದೆ.

ಬೆಟ್ಟಿ ನನ್ನನ್ನು ದುರುಗುಟ್ಟಿ ನೋಡಿದಳು. "ಮಕ್ಕಳ ವಿದ್ಯೆಯನ್ನು ಗಾಳಕ್ಕೆ ಕಟ್ಟುವ ಅಪ್ಪ ಈ ಲೋಕದಲ್ಲಿ ನೀವೊಬ್ಬರೇ ಇರುದು."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಪರ್ಲ್ ಈಗ ಹತ್ತನೇ ಕ್ಲಾಸು. ಗಲ್ಫಿನಲ್ಲಿರುವ ನಮ್ಮೂರ ಜನ ಅನೇಕರು ಹತ್ತು ಮುಗಿದ ಮಕ್ಕಳನ್ನು ಪಿಯುಸಿಗೆ ಮಂಗಳೂರಿಗೆ ಕಳಿಸುತ್ತಾರೆ. ಮುಂದೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗಬೇಕು, ಊರು ಗೊತ್ತಿರಬೇಕು ಎಂದೆಲ್ಲ ಕಾರಣಗಳು. ಐದು ವರ್ಷದ ಹಿಂದೆ ದೊಡ್ಡ ಮಗ ಶರ್ವಿನ್‌ನನ್ನು ನಾವೂ ಹಾಗೆಯೇ ಕಳಿಸಿದೆವು. ಈಗ ಪರ್ಲಳ ಸರದಿ. ಆರು ತಿಂಗಳ ಹಿಂದೆ "ಹೋಗಲೇಬೇಕು, ಹೋದರೆ ಗಟ್ಟಿಯಾಗುತ್ತಾಳೆ" ಎಂದು ಮೇಜು ಗುದ್ದಿ ಹೇಳಿದವನು ನಾನೇ. ಕಾನ್ವೆಂಟ್ ಸಿಸ್ಟರ್‌ಗಳ ಹಾಸ್ಟೆಲ್ಲಿಗೆ ಫೋನು ಮಾಡಿದ್ದೂ ನಾನೇ. ಬೆಟ್ಟಿ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಹಾಗಿರುವಾಗ ಕಳೆದ ಜುಲೈಯಲ್ಲಿ ಶರ್ವಿನ್ ರಜೆಗೆ ಬಂದ. ನನಗಿಂತ ಎತ್ತರ ಬೆಳೆದಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಬಂದ ಮಾರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪಪ್ಪಾ, ಫ್ರಿಜ್‌ನಿಂದ ಸ್ವಲ್ಪ ನೀರು ತಗೊಳ್ಳಲಾ?" ಎಂದು ಕೇಳಿದ. ಅವನದೇ ಮನೆಯ ಫ್ರಿಜ್ ಅದು! ತಗೋ ಮಗಾ ಎಂದೆ. ನಂತರ ಪಾರ್ಕಿಂಗಿಗೆ ಇಳಿದು, ಕಾರಿನ ಬಾಗಿಲು ಹಾಕಿಕೊಂಡು ಸಣ್ಣ ಮಗುವಿನಂತೆ ಅತ್ತೆ. ನಾವು ಕಳಿಸಿದ್ದು ಮಗನನ್ನು, ತಿರುಗಿ ಬಂದದ್ದು ನೆಂಟ. ಇದು ಯಾರಿಗೂ ಗೊತ್ತಿಲ್ಲ.

ಅಂದಿನಿಂದ ಪರ್ಲಳನ್ನು ಕಳಿಸುವುದು ನನಗೆ ಬೇಡ. ಬೇಡವೇ ಬೇಡ. ಆದರೆ ಅಷ್ಟೆಲ್ಲ ಮೇಜು ಗುದ್ದಿದವನು ಈಗ ಯಾವ ಮುಖ ಹೊತ್ತು ಬೇಡ ಎನ್ನುವುದು? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು ಎನ್ನುವ ಜಾತಿಯವನು ನಾನು. ಪರ್ಲ್ ಪಂಥ ಕಟ್ಟಿದಾಗ ಮೊದಲು ಸಿಟ್ಟೇ ಬಂದದ್ದು. ಆದರೆ ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ತಲೆಯೊಳಗೆ ಬಲ್ಬು ಹತ್ತಿತು. ನಾನು ಸೋತರೆ ಸಾಕಲ್ಲ! ಕೊಟ್ಟ ಮಾತು ಉಳಿಸಿಕೊಂಡೆ ಎಂದು ಮೀಸೆ ತಿರುವಿಕೊಂಡೇ ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು.

ಮಾರನೆಯ ಬೆಳಿಗ್ಗೆ ಬೆಟ್ಟಿ ಮತ್ತು ಪರ್ಲ್ ಐಸ್ ಬಾಕ್ಸಿಗೆ ಸ್ಯಾಂಡ್‌ವಿಚ್ ತುಂಬಿಸುತ್ತಿದ್ದಾಗ ನಾನು ಜೆರಾಲ್ಡನ ಮನೆಯ ಹಿಂಬದಿಗೆ ಹೋದೆ. ಅವನ ಟೂಲ್ ಬಾಕ್ಸಿನಿಂದ ಅರ ತೆಗೆದು, ನನ್ನ ಲ್ಯೂರಿನ ಮೂರು ಮುಳ್ಳುಗಳ ಚೂಪನ್ನೂ ಉಜ್ಜಿ ಉಜ್ಜಿ ಮೊಂಡು ಮಾಡಿದೆ. ನೋಡಲು ಏನೂ ಗೊತ್ತಾಗುತ್ತಿರಲಿಲ್ಲ, ಗರಿ ಮುಚ್ಚಿತ್ತು. ನನ್ನ ಕೈಯಾರೆ ಮಾಡಿದ್ದನ್ನು ನಾನೇ ಹಾಳು ಮಾಡುವಾಗ ಸ್ವಲ್ಪ ನೋವಾಯಿತು, ಸುಳ್ಳು ಹೇಳುವುದಿಲ್ಲ.

ಜೆಬೆಲ್ ಧನ್ನಾದ ಹತ್ತಿರ ಕಲ್ಲು ಪೇರಿಸಿದ ಒಂದು ತಡೆಗೋಡೆ ಉಂಟು, ಅಲ್ಲಿ ಹೋಗಿ ನಿಂತೆವು. ಹಿಂದಿನ ದಿನದ ಗಾಳಿಗೆ ನೀರು ಕಲಕಿ ಮಬ್ಬಾಗಿತ್ತು. ಅದನ್ನು ನೋಡಿಯೇ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಪರ್ಲಳ ಲ್ಯೂರ್ ನೀರಿನ ಮೇಲುಮೇಲೆ ನಡು ಕುಣಿಸಿಕೊಂಡು ಹೋಗುವಂಥದ್ದು. ತಿಳಿನೀರಿನಲ್ಲಿ ಅದರ ಅಂದಚಂದ ಮೀನಿಗೆ ಕಂಡೀತು. ಮಬ್ಬು ನೀರಿಗೆ ಬೇಕಾದದ್ದು ಹೊಳಪು. ನನ್ನ ಸ್ಟೀಲು ಆಳಕ್ಕಿಳಿದು ಪಳಕ್ ಪಳಕ್ ಎನ್ನುತ್ತದೆ. ಅಯ್ಯೋ ದೇವರೇ, ಗೆಲ್ಲಬಾರದ ದಿನವೇ ನೀರು ನನ್ನ ಪರವಾಗಿ ನಿಂತಿತಲ್ಲ!

ಅಂದುಕೊಂಡ ಹಾಗೆಯೇ ಆಯಿತು. ಹತ್ತು ನಿಮಿಷಕ್ಕೆ ನನ್ನ ಲೈನು ಜಗ್ಗಿತು. ನಾಲ್ಕು ಮಾರು ಎಳೆದ ಮೀನು ಕೊಕ್ಕೆ ಜಾರಿ ಹೋಯಿತು. ಅರ್ಧ ಗಂಟೆಗೆ ಇನ್ನೊಂದು, ಅದೂ ಹೋಯಿತು. ಪರ್ಲ್ ಮಾತ್ರ ಎಸೆಯುತ್ತಾಳೆ, ಸುತ್ತುತ್ತಾಳೆ, ಎಸೆಯುತ್ತಾಳೆ. ಅವಳ ಜಪಾನೀ ರಾಣಿಯನ್ನು ಒಂದು ಪುಡಿಮೀನೂ ಮೂಸಲಿಲ್ಲ. ನಾನು ಮನಸ್ಸಿನಲ್ಲೇ ಸಂತ ಆಂತೋಣಿಗೆ ಮೇಣದಬತ್ತಿ ಹರಕೆ ಹೊತ್ತೆ, ನನ್ನ ಮಗಳಿಗೆ ಒಂದೇ ಒಂದು ಮೀನು ಕೊಡಪ್ಪಾ ಎಂದು.

ಮೂರನೆಯದೂ ತಪ್ಪಿಹೋದಾಗ ಜೆರಾಲ್ಡ್ ಬಿಡಲಿಲ್ಲ. "ಎಂತ ಬಾವ, ಕಣ್ಣಿಗಾದ್ರೆ ಕನ್ನಡಕ ಹಾಕಬಹುದು, ಕೈಗೆ ಎಂತ ಹಾಕುದು? ಹನ್ನೊಂದು ವರ್ಷದ ಜಂಬ ಎಲ್ಲ ಮಾಫಿ, ಎಂತದೂ ಇಲ್ಲ ಇವತ್ತು!"

"ನಿನ್ನ ಕೆಲಸ ನೋಡು ಮಾರಾಯ," ಎಂದು ರೇಗಿ, ಗಾಳದ ರಾಡನ್ನು ಕಲ್ಲಿಗೆ ಒರಗಿಸಿ, ಬೆಟ್ಟಿ ಕೊಟ್ಟ ಚಹಾ ಹಿಡಿದುಕೊಂಡು ಕೂತೆ. ಸೋತ ನಟನೆ ಎಂದುಕೊಂಡಿದ್ದೆ. ಆದರೆ ಎಲ್ಲರ ಮುಂದೆ ಮೂರು ಮೂರು ಮೀನು ಬಿಟ್ಟವನ ಮುಖ ನಿಜಕ್ಕೂ ಬಾಡಿತ್ತೋ ಏನೋ. ತಲೆ ಎತ್ತಿದರೆ ಪರ್ಲ್ ನನ್ನನ್ನೇ ನೋಡುತ್ತಿದ್ದಳು.

ಅವಳು ತನ್ನ ರಾಡನ್ನು ಕೆಳಗಿಟ್ಟಳು. ನೆಟ್ಟಗೆ ಬಂದು ನನ್ನ ರಾಡನ್ನು ಎತ್ತಿಕೊಂಡಳು.

"ಏಯ್, ಎಂತ ಮಾಡ್ತೀ?"

"ನಿಮ್ಮ ಲ್ಯೂರಿಗೆ ಮೀನು ಬರ್ತಾ ಉಂಟು ಪಪ್ಪಾ. ನಿಮ್ಮ ಕೈಗೆ ಆಗ್ತಾ ಇಲ್ಲ. ಒಂದು ಹಿಡಿದು ಕೊಡ್ತೇನೆ."

"ಅದರಲ್ಲಿ ಹಿಡಿದ್ರೆ ಗೆಲ್ಲುದು ನಿನ್ನ ಪಪ್ಪ. ಗೊತ್ತುಂಟಲ್ವಾ?" ಎಂದ ಜೆರಾಲ್ಡ್.

"ಗೊತ್ತುಂಟು ಅಂಕಲ್. ಇಟ್ಸ್ ಓಕೆ," ಎಂದಳು ಪರ್ಲ್, ನನ್ನ ಕಡೆ ನೋಡದೆ. "ಪಪ್ಪನ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ."

ನಾನು ಎದ್ದು ಅವಳ ಕೈಯಿಂದ ರಾಡು ಕಸಿಯಬೇಕಿತ್ತು. ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ನನಗಾಗಿ ಮಂಗಳೂರಿಗೆ ಹೋಗಲು ತಯಾರಾದ ಹುಡುಗಿ ಕಲ್ಲಿನ ತುದಿಯಲ್ಲಿ ನಿಂತು ಬೀಸಿ ಎಸೆದಳು, ಥೇಟ್ ನನ್ನ ಹಾಗೆಯೇ ಮೊಣಕೈ ಒಳಗಿಟ್ಟು.

ಎರಡನೆಯ ಎಸೆತಕ್ಕೇ ಲೈನು ಸುತ್ತುವ ರೀಲು ಕಿರುಚಿತು. ಇದು ಬೆಳಿಗ್ಗೆಯ ಮೀನುಗಳಂತಲ್ಲ. ರಾಡು ಬಿಲ್ಲಿನಂತೆ ಬಗ್ಗಿತು, ಪರ್ಲ್ ಎರಡು ಹೆಜ್ಜೆ ಮುಂದಕ್ಕೆ ಜಾರಿದಳು, ಬೆಟ್ಟಿ ಓಡಿ ಹೋಗಿ ಅವಳ ಸೊಂಟ ಹಿಡಿದಳು. "ಬಿಡು ಬಿಡು, ಓಡ್ಲಿ ಅದು!" ಎಂದು ಜೆರಾಲ್ಡ್, "ಲೈನು ಸಡಿಲ ಮಾಡ್ಬೇಡ!" ಎಂದು ನಾನು. ಆ ಗದ್ದಲದಲ್ಲಿ ಪಂಥ, ಪಿಯುಸಿ ಎಲ್ಲ ಮರೆತು ನಾನು ಕೂಗುತ್ತಿದ್ದೆ. ಲೈನು ಬಿಗಿಯಾಗಿ ಇರುವಷ್ಟು ಹೊತ್ತು ಮೊಂಡು ಕೊಕ್ಕೆಯೂ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಅವಳು ಒಂದು ಗಳಿಗೆಯೂ ಸಡಿಲ ಬಿಡಲಿಲ್ಲ. ಹದಿನೈದು ವರ್ಷದ ತೋಳುಗಳು ನಡುಗುತ್ತಿದ್ದವು, ತುಟಿ ಕಚ್ಚಿಕೊಂಡಿದ್ದಳು, ಆದರೂ ಎಳೆದು ಎಳೆದು ತಂದಳು.

ಕೊನೆಗೆ ಕಲ್ಲುಗಳ ಬುಡದಲ್ಲಿ ಅಂಜಲ್ ಮಗ್ಗುಲಾಯಿತು. ಒಂದು ಮೀಟರ್ ಖಂಡಿತ ಇತ್ತು. ಇಷ್ಟು ವರ್ಷಗಳಲ್ಲಿ ನಾನೂ ಅಂಥದ್ದನ್ನು ಹಿಡಿದವನಲ್ಲ. ಜೆರಾಲ್ಡ್ ಬಲೆ ಹಿಡಿದು ಬಗ್ಗಿದ. ಮೀನು ಒಮ್ಮೆ ತಲೆ ಕೊಡವಿತು, ಅಷ್ಟೇ. ಗರಿ ಕಟ್ಟಿದ ಸ್ಟೀಲ್ ತುಂಡು ಟಪ್ಪೆಂದು ಕಲ್ಲಿಗೆ ಬಂದು ಬಿತ್ತು, ಮೀನು ಮಬ್ಬಿನೊಳಗೆ ಇಳಿದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪರ್ಲ್ ಅಳಲಿಲ್ಲ. ಲ್ಯೂರನ್ನು ಎತ್ತಿ, ಗರಿಯನ್ನು ಸರಿಸಿ, ಮುಳ್ಳಿನ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದಳು. ಮೀನು ತಪ್ಪಿದರೆ ಮೊದಲು ಮಾಡಬೇಕಾದ ಕೆಲಸ ಅದು, ನಾನೇ ಕಲಿಸಿದ್ದು: ಚೂಪಾಗಿದ್ದರೆ ಉಗುರಿಗೆ ಕಚ್ಚುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಒಂದು ಮುಳ್ಳು ಜಾರಿತು. ಎರಡನೆಯದು ಜಾರಿತು. ಮೂರನೆಯದಕ್ಕೆ ಅವಳು ತಲೆ ಎತ್ತಿದಳು.

"ಇದನ್ನು ಯಾರೋ ಅರ ಹಾಕಿ ಉಜ್ಜಿದ್ದಾರೆ." ನಂತರ ಮೆಲ್ಲಗೆ, "ಪಪ್ಪಾ?"

"ಹೌದು," ಎಂದೆ. "ನಾನೇ. ಇವತ್ತು ಬೆಳಿಗ್ಗೆ."

"ನೀವು ಸೋಲ್ಲಿಕ್ಕೆ? ನಾನು ಗೆಲ್ಲಲಿ ಅಂತ?" ಈಗ ಅವಳ ಕಣ್ಣು ತುಂಬಿತು, ಧ್ವನಿ ಏರಿತು, ಥೇಟ್ ನನ್ನ ಮಗಳು. "ಆರು ತಿಂಗಳಿಂದ ನನಗೆ ನಿದ್ದೆ ಇಲ್ಲ! ಪಪ್ಪನಿಗೆ ನಾನು ಬೇಡ ಅಂತ ತಿಳ್ಕೊಂಡಿದ್ದೆ. ಹೋಗುದು ಬೇಡ ಅಂತ ಇದ್ರೆ ಬಾಯಿಬಿಟ್ಟು ಹೇಳಬಾರದಿತ್ತಾ? ಅದನ್ನೂ ಮೀನಿನ ಹತ್ರ ಹೇಳಿಸ್ಬೇಕಾ ನಿಮಗೆ?"

ಆ ಮಾತು ನೇರ ಎದೆಗೆ ಬಿತ್ತು. ಜೆರಾಲ್ಡ್ ಬಲೆಯನ್ನು ಮಡಚುವ ನೆಪದಲ್ಲಿ ಆಚೆ ಹೋದ. ನಾನು ಬೆಟ್ಟಿಯ ಕಡೆ ತಿರುಗಿದೆ, ಬೈಗುಳಕ್ಕೆ ತಲೆ ಒಡ್ಡಿಯೇ.

"ನೀನು ಏನು ಬೇಕಾದ್ರೂ ಹೇಳು. ನನಗೆ ಇವಳನ್ನು ಕಳಿಸ್ಲಿಕ್ಕೆ ಆಗುದಿಲ್ಲ. ಶರ್ವಿನ್ ನಮ್ಮ ಮನೆಯಲ್ಲಿ ನೀರು ಕುಡೀಲಿಕ್ಕೆ ಪರ್ಮಿಷನ್ ಕೇಳಿದ, ಬೆಟ್ಟಿ. ಇನ್ನೊಂದು ಮಗು ಹಾಗೆ ಕೇಳುದು ನನಗೆ ಬೇಡ."

ಬೆಟ್ಟಿ ಬೈಯಲಿಲ್ಲ. ಹತ್ತಿರದ ಕಲ್ಲಿನ ಮೇಲೆ ಕೂತಳು.

"ಅವನನ್ನು ಕಳಿಸುವ ದಿನ ಏರ್‌ಪೋರ್ಟಲ್ಲಿ ನೀವು ಒಂದೇ ಒಂದು ಸಲ ಬೇಡ ಅಂತ ಹೇಳಿದ್ರೆ," ಎಂದಳು, "ನಾನು ಅವನ ಕೈ ಬಿಡ್ತಿರಲಿಲ್ಲ."

"ನೀನು ಆ ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ ಮಾರಾಯ್ತಿ! ಮೂರು ಸಲ ಪಾಸ್‌ಪೋರ್ಟ್ ಚೆಕ್ ಮಾಡಿದಿ. ನಿನಗೆ ಕಳಿಸ್ಬೇಕು ಅಂತಲೇ ಉಂಟು ಅಂದ್ಕೊಂಡೆ."

"ನೀವು ಮೇಜು ಗುದ್ದುವಾಗ ನಾನು ಎಂತ ಹೇಳುದು? ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತದ್ದು ನನಗೆ ಮಾತ್ರ ಗೊತ್ತು."

ಆಮೇಲಿನ ಐದು ವರ್ಷವೂ ಒಂದೇ ಮನೆಯಲ್ಲಿ ಬದುಕಿದವರು ನಾವು, ಒಂದೇ ಹಾಸಿಗೆಯಲ್ಲಿ ಮಲಗಿದವರು. ಅವಳ ಪಕ್ಕದಲ್ಲೇ ಕೂತುಬಿಟ್ಟೆ.

ಪರ್ಲ್ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಮೂಗು ಒರೆಸಿಕೊಂಡಳು.

"ಹಾಗಾದ್ರೆ ನಾನು ಹೋಗುದಾ, ಇಲ್ವಾ? ಯಾರಾದ್ರೂ ಒಬ್ರು ಸರಿಯಾಗಿ ಹೇಳಿ."

"ಇಲ್ಲ," ಎಂದೆವು. ಇಬ್ಬರೂ ಒಟ್ಟಿಗೇ ಎಂದೆವು.

ಎಷ್ಟು ಚಿಕ್ಕ ಮಾತು! ಒಂದು ಉಸಿರೂ ಬೇಕಾಗಲಿಲ್ಲ. ಬೆಟ್ಟಿ ನನ್ನ ಮೊಣಕೈ ಹಿಡಿದುಕೊಂಡಳು, ಈಗ ಅಡಗಿಸದೆ ಅಳತೊಡಗಿದಳು. ಅವಳು ಯಾರಿಗಾಗಿ ಅಳುತ್ತಿದ್ದಾಳೆಂದು ನಾನು ಕೇಳಲಿಲ್ಲ. ಆ ಚಿಕ್ಕ ಮಾತಿಗಾಗಿ ಐದು ವರ್ಷದ ಹಿಂದೆ ಏರ್‌ಪೋರ್ಟಿನಲ್ಲಿ ಕಾದು ನಿಂತಿದ್ದವನು ಶರ್ವಿನ್ ಅಲ್ಲವೇ.